ವೈದ್ಯರ ಚೀಟಿಯೂ ಮನೆಯ ಮಾತ್ರೆಡಬ್ಬಿಯೂ

ಜೀರಹಳ್ಳಿಯ ಸುತ್ತಿನ ಮನೆಗಳಿಗೆ ದೊಡ್ಡ ಆಸ್ಪತ್ರೆ ದೂರ. ಕಾಯಿಲೆ ಬಲಿತರೆ ಗಡಿ ದಾಟಿ ಚಾಮರಾಜನಗರಕ್ಕೆ ಹೋಗಬೇಕು. ಇಲ್ಲವೆ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲ, ಈರೋಡುಗಳ ಕಡೆಗೆ ಸಾಗಬೇಕು. ಆದುದರಿಂದ ಒಮ್ಮೆ ಬರೆಸಿಕೊಂಡ ವೈದ್ಯರ ಚೀಟಿಯನ್ನು ಜೋಪಾನವಾಗಿಟ್ಟು, ಪೇಟೆಗೆ ಹೋಗುವವರ ಕೈಯಲ್ಲಿ ಅದೇ ಮಾತ್ರೆಯನ್ನು ಮತ್ತೆ ಮತ್ತೆ ತರಿಸುವುದು ಇಂಥ ಕಡೆಗಳಲ್ಲಿ ಬೇಗನೆ ಬೇರೂರುವ ರೂಢಿ. ಆ ಮಾತ್ರೆ ನಿದ್ರೆಯದಾಗಿ, ಪೇಟೆಗೆ ಹೋಗುವವನು ಹದಿನೇಳರ ಬಾಲಕನಾಗಿದ್ದರೆ, ಅಜ್ಜಿಯ ಹೆಸರಿನ ಚೀಟಿಯೇ ಅವನನ್ನು ದುಶ್ಚಟದ ಹೊಸ್ತಿಲಿಗೆ ಕೊಂಡೊಯ್ಯಬಹುದು.

ಇದು ಎಲ್ಲೋ ದೂರದ ನಗರಗಳ ಪಿಡುಗೆಂದು ತಿಳಿಯಲಾಗದು. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, 10ರಿಂದ 75 ವರ್ಷದವರಲ್ಲಿ ಸುಮಾರು 1.18 ಕೋಟಿ ಜನರು ನಿದ್ರಾಜನಕಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸುತ್ತಿದ್ದರು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಔಷಧ ಮತ್ತು ಸೌಂದರ್ಯವರ್ಧಕಗಳ 1945ರ ನಿಯಮಾವಳಿಯ 65ನೆಯ ನಿಯಮದಂತೆ, ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು, ವಿಳಾಸ, ಔಷಧದ ಪ್ರಮಾಣ ಇರಬೇಕು. ಮತ್ತೆ ಕೊಡಬಹುದೆಂದು ವೈದ್ಯರೇ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಕೊಟ್ಟ ದಿನವನ್ನೂ ಅಂಗಡಿಯ ಹೆಸರನ್ನೂ ಮಾರುವವರು ಚೀಟಿಯ ಮೇಲೆಯೇ ಗುರುತಿಸಬೇಕು. 2014ರ ಮಾರ್ಚ್ 1ರಂದು ಜಾರಿಗೆ ಬಂದ ಎಚ್1 ಅನುಸೂಚಿ ಇನ್ನೂ ಬಿಗಿಯಾದುದು. ಅಲ್ಪ್ರಾಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್‌ಗಳು ಅದರಲ್ಲಿ ಸೇರಿವೆ. ಇವನ್ನು ಮಾರಿದಾಗ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣಗಳನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ, ಅದನ್ನು 3 ವರ್ಷ ಕಾಪಾಡಿ, ತಪಾಸಣೆಗೆ ಒದಗಿಸಬೇಕು. ಇದು ಕೇಂದ್ರದ ಕಾನೂನಾದುದರಿಂದ ಗಡಿಯ ಈಚೆಗೂ ಆಚೆಗೂ ಒಂದೇ.

ಆದರೆ ಆ ವಹಿ ಆಯಾ ಅಂಗಡಿಗೆ ಸೇರಿದ್ದು. ತಾಳವಾಡಿಯಲ್ಲಿ ಬರೆದದ್ದು ಚಾಮರಾಜನಗರದ ಅಂಗಡಿಯವರ ಕಣ್ಣಿಗೆ ಬೀಳದು. ಹಾಗಾದರೆ ಕಾವಲನ್ನು ಬಿಗಿಗೊಳಿಸಿದರೆ ಸಾಕಾದೀತೆ? ಅಮೆರಿಕದ ನ್ಯೂಯಾರ್ಕ್ ರಾಜ್ಯ 1989ರಲ್ಲಿ ಇದೇ ವರ್ಗದ ಮಾತ್ರೆಗಳಿಗೆ ಮೂರು ಪ್ರತಿಗಳ ಚೀಟಿಯನ್ನು ಕಡ್ಡಾಯಗೊಳಿಸಿ, ಒಂದು ಪ್ರತಿ ಸರ್ಕಾರಕ್ಕೆ ತಲುಪುವಂತೆ ಮಾಡಿತು. ಆ ಮಾತ್ರೆಗಳ ಬಳಕೆ ಬಹಳವಾಗಿ ಇಳಿಯಿತು. ಜೊತೆಗೆ, ಅವಕ್ಕಿಂತ ಅಪಾಯಕಾರಿಯಾದ ಹಳೆಯ ನಿದ್ರಾಜನಕಗಳ ಬಳಕೆ ಏರಿತು. ಅಂಗಡಿಯ ಕಾವಲು ಅಗತ್ಯವೇ ಸರಿ. ಆದರೆ ಮಾತ್ರೆಯನ್ನು ಅರಸುವ ಮನಸ್ಸಿಗೆ ಅದೊಂದೇ ಮದ್ದಲ್ಲ.

ಉಳಿದ ಕಾವಲು ಮನೆಯವರದು. ಮನೆಯ ಡಬ್ಬಿಗೆ ಯಾವ ನಿಯಮವೂ ವಹಿಯನ್ನು ವಿಧಿಸಿಲ್ಲ. ನಿದ್ರೆಮಾತ್ರೆಯ ಚೀಟಿಯನ್ನು ಮಕ್ಕಳ ಕೈಗೆ ಕೊಡದೆ ಹಿರಿಯರೇ ಒಯ್ಯುವುದು, ತಂದ ಮಾತ್ರೆಗಳನ್ನು ಎಣಿಸಿ ಬೀಗದೊಳಗಿಡುವುದು, ರಸೀದಿಯನ್ನು ಕೇಳಿ ಪಡೆಯುವುದು, ಒಬ್ಬರಿಗೆ ಬರೆದದ್ದನ್ನು ಮತ್ತೊಬ್ಬರು ನುಂಗದಿರುವುದು: ಇವು ಖರ್ಚಿಲ್ಲದ ಕ್ರಮಗಳು. ಪರೀಕ್ಷೆಯ ದಿನಗಳಲ್ಲಿ ನಿದ್ರೆ ಬಾರದ ಮಗುವಿಗೆ ಅಜ್ಜಿಯ ಮಾತ್ರೆಯಲ್ಲಿ ಅರ್ಧ ಮುರಿದುಕೊಡುವ ಪ್ರೀತಿ ಎಲ್ಲಕ್ಕಿಂತ ಅಪಾಯಕಾರಿ.

ಚಟ ಬಯಲಾದಾಗ ಹಲವು ಕುಟುಂಬಗಳು ಮಾನಕ್ಕೂ ಪೊಲೀಸರಿಗೂ ಅಂಜಿ ವಿಷಯವನ್ನು ಮುಚ್ಚಿಡುತ್ತವೆ. ಮಾತ್ರೆಯನ್ನು ಕಸಿದುಕೊಂಡು ಮಗನನ್ನು ಕೋಣೆಯಲ್ಲಿ ಕೂಡಿಹಾಕುವುದೂ ಉಂಟು. ಬಹುಕಾಲ ಸೇವಿಸಿದ ನಿದ್ರೆಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ವೈದ್ಯರ ಉಸ್ತುವಾರಿಯಲ್ಲಿ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸುವುದೇ ಸರಿಯಾದ ದಾರಿ.

ಕಾನೂನಿನ ಭಯಕ್ಕೂ ಮಿತಿಯಿರಬೇಕು. 2015ರ ಬಾಲನ್ಯಾಯ ಕಾಯ್ದೆಯಂತೆ 18 ವರ್ಷ ತುಂಬದವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಅದೇ ಕಾಯ್ದೆಯ 77ನೆಯ ಕಲಮು, ವೈದ್ಯರ ಆದೇಶವಿಲ್ಲದೆ ಮಗುವಿಗೆ ಅಮಲಿನ ವಸ್ತುವನ್ನು ಕೊಟ್ಟವನಿಗೆ 7 ವರ್ಷಗಳವರೆಗೆ ಕಠಿಣ ಸಜೆಯನ್ನೂ 1 ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸುತ್ತದೆ. 1985ರ ಮಾದಕ ವಸ್ತುಗಳ ಕಾಯ್ದೆಯ 64-ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಅಪರಾಧದ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ರದ್ದಾಗಬಹುದು.

ಮೊದಲ ಹೆಜ್ಜೆಗೆ ಘಾಟಿ ಇಳಿಯಲೂಬೇಕಿಲ್ಲ. ವ್ಯಸನಮುಕ್ತಿ ಸಲಹೆಗೆ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ ನೆರವಿಗೆ 14416 ಎಂಬ ಸಂಖ್ಯೆಗಳಿವೆ. ಟೆಲಿ ಮಾನಸ್‌ನಲ್ಲಿ ಕರೆ ಮಾಡುವವರು ತಮ್ಮ ಭಾಷೆಯನ್ನು ಆರಿಸಿಕೊಳ್ಳಬಹುದು. ಮಗುವನ್ನು ಬೈಯುವ ಮೊದಲು, ಊರಿಗೆ ತಿಳಿದೀತೆಂದು ಬಾಗಿಲು ಮುಚ್ಚುವ ಮೊದಲು, ಆ ಕರೆಯನ್ನು ಮಾಡುವುದು ಪಾಲಕರ ಕರ್ತವ್ಯ.