ಬೆರಳು ಬಲ್ಲ ಗುರುತು

ಬಾಡಿಗೆಯ ಮನೆಗಳಲ್ಲಿ ಬಾಳಿದವರಿಗೆ ಮನೆ ಬದಲಾಯಿಸುವ ಸಂಕಟವನ್ನು ಹೊಸದಾಗಿ ವರ್ಣಿಸಬೇಕಾಗಿಲ್ಲ. ಪಾತ್ರೆಪಡಗ, ಹಾಸಿಗೆ ಹೊದಿಕೆಗಳೆಲ್ಲ ಗಾಡಿಯೇರಿ ಹೊಸ ಮನೆಯನ್ನು ಸೇರುತ್ತವೆ. ಗೃಹಿಣಿಯ ಕೈ ಮಾತ್ರ ಬಹುದಿನ ಹಳೆಯ ಮನೆಯಲ್ಲೇ ಉಳಿದಿರುತ್ತದೆ. ಅಲ್ಲಿ ದೀಪವಾರಿದಾಗಲೂ ಇಂಗಿನ ಡಬ್ಬಿಗೆ ನೇರವಾಗಿ ಚಾಚುತ್ತಿದ್ದ ಕೈ ಇಲ್ಲಿ ಹಾಡುಹಗಲಿನಲ್ಲಿ ತಡಕಾಡುತ್ತದೆ.

ಗಣಕಯಂತ್ರದ ಮುಂದೆ ಕುಳಿತು ದುಡಿಯುವವರಿಗೂ ಇಂಥ ಮನೆ ಬದಲಾವಣೆ ಉಂಟು. ಬೆಂಗಳೂರಿನ ಬಡಾವಣೆಯೊಂದರಲ್ಲಿ ವಾಸವಾಗಿರುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳಬಹುದು. ಆಕೆಯ ಕಸಬು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಎಂದರೆ, ಅಮೆರಿಕದ ವೈದ್ಯರು ರೋಗಿಯನ್ನು ಪರೀಕ್ಷಿಸಿ ಧ್ವನಿಮುದ್ರಿಸಿದ ಮಾತನ್ನು ಕಿವಿಯಿಂದ ಕೇಳಿ ಬೆರಳಿನಿಂದ ಬರಹಕ್ಕಿಳಿಸುವುದು. ಅಲ್ಲಿ ಇರುಳಾದಾಗ ಇಲ್ಲಿ ಹಗಲು; ವೈದ್ಯರು ಮಲಗಿ ಏಳುವಷ್ಟರಲ್ಲಿ ವರದಿ ಸಿದ್ಧವಾಗಿರುತ್ತದೆ. 1990ರ ದಶಕದಲ್ಲಿ ಈ ಕಸಬು ಬೆಂಗಳೂರಿನಲ್ಲಿ ಬೇರೂರಲು ಇದೂ ಒಂದು ಕಾರಣ. ಕೂಲಿಯು ಸಾಲಿನ ಲೆಕ್ಕದಲ್ಲಿ. ಅಕ್ಷರ, ತೆರಪು ಎಲ್ಲ ಸೇರಿ 65 ಆದರೆ ಒಂದು ಸಾಲೆಂದು ಎಣಿಸುವುದು ಈ ಕಸಬಿನ ರೂಢಿ. ಬೆರಳು ಎಷ್ಟು ಚುರುಕೋ ಸಂಪಾದನೆಯೂ ಅಷ್ಟು.

ಚುರುಕಿಗಾಗಿ ಗುರುತುಗಳನ್ನು ಕಟ್ಟುವುದು ಹಳೆಯ ವಿದ್ಯೆಯೇ. ಐಸಾಕ್ ಪಿಟ್‌ಮನ್ ತನ್ನ ಶೀಘ್ರಲಿಪಿಯನ್ನು 1837ರಲ್ಲಿ ಪ್ರಕಟಿಸಿದನು. 1993ರಲ್ಲಿ ಹೊರಬಂದ ವರ್ಡ್ ತಂತ್ರಾಂಶದ 6ನೆಯ ಆವೃತ್ತಿಯಲ್ಲಿ ಆಟೋಕರೆಕ್ಟ್ ಎಂಬ ಸೌಕರ್ಯ ಕಾಣಿಸಿಕೊಂಡಿತು. ಅವಸರದಲ್ಲಿ ತಪ್ಪಾಗಿ ಒತ್ತಿದ ಪದವನ್ನು ತಾನಾಗಿಯೇ ತಿದ್ದುವುದು ಅದರ ಉದ್ದೇಶ. ದುಡಿಯುವ ಜನ ಅದಕ್ಕೆ ಇನ್ನೊಂದು ಉಪಯೋಗವನ್ನು ಕಂಡುಕೊಂಡರು. ತಪ್ಪು ಪದವಿರಬೇಕಾದ ಕಡೆ ತಾವೇ ಕಟ್ಟಿದ ಕಿರುಗುರುತು, ಸರಿಪದವಿರಬೇಕಾದ ಕಡೆ ಉದ್ದನೆಯ ಪದ! ಎಚ್, ಟಿ, ಎನ್ ಎಂಬ ಮೂರು ಅಕ್ಷರ ಒತ್ತಿ ತೆರಪು ಕೊಟ್ಟರೆ ಹನ್ನೆರಡು ಅಕ್ಷರದ ‘ಹೈಪರ್‌ಟೆನ್ಷನ್’ ಪರದೆಯ ಮೇಲೆ ಮೂಡುತ್ತದೆ. ಹೀಗೆ ವರ್ಷಗಟ್ಟಲೆ ಕೂಡಿಸಿದ ಸಾವಿರಾರು ಗುರುತುಗಳೇ ಆ ತಾಯಿಯ ಆಸ್ತಿ. ತಿಜೋರಿಯಲ್ಲಿಡುವ ಆಸ್ತಿಯಲ್ಲ, ಬೆರಳ ತುದಿಯಲ್ಲಿರುವ ಆಸ್ತಿ.

ಒಂದು ದಿನ ಕಚೇರಿಯಿಂದ ಸೂಚನೆ ಬಂದಿತು. ಮುಂದಿನ ತಿಂಗಳಿನಿಂದ ವರ್ಡ್‌ನಲ್ಲಿ ಬರೆಯುವಂತಿಲ್ಲ; ಹೊಸ ಟ್ರಾನ್ಸ್‌ಕ್ರಿಪ್ಷನ್ ತಂತ್ರಾಂಶದಲ್ಲಿಯೇ ಬರೆಯಬೇಕು. ಹೃದಯತಜ್ಞರ ವರದಿಗಳ ಬದಲು ನರರೋಗತಜ್ಞರ ವರದಿಗಳು ಬರುವುವು. ತಾಯಿಯ ಮುಖ ಬಾಡಿತು. ಎಂಜಿನಿಯರಿಂಗ್ ಓದುತ್ತಿದ್ದ ಮಗ ನಕ್ಕು ಹೇಳಿದನು:

“ಇಷ್ಟಕ್ಕೆ ಯಾಕಮ್ಮಾ ಯೋಚನೆ? ಐದು ನಿಮಿಷದ ಕೆಲಸ. ಫೈಲನ್ನು ಅಲ್ಲಿಂದ ತೆಗೆದು ಇಲ್ಲಿ ಹಾಕಿದರಾಯಿತು.”

ಫೈಲು ಸಿಕ್ಕಿತು, ಆದರೆ ಹೊಸ ತಂತ್ರಾಂಶಕ್ಕೆ ಅದು ಓದಲು ಬಾರದ ಓಲೆಗರಿಯಾಯಿತು. ವರ್ಡ್ ತನ್ನ ಸಾದಾ ಗುರುತುಗಳನ್ನು ಎ.ಸಿ.ಎಲ್. ಎಂಬ ಬಾಲವುಳ್ಳ ಫೈಲಿನಲ್ಲಿ, ಭಾಷೆಗೊಂದರಂತೆ, ಇಟ್ಟಿರುತ್ತದೆ. ಬೇರೊಂದು ಯಂತ್ರದ ವರ್ಡ್‌ಗಾದರೆ ಅದು ತಿಳಿಯುತ್ತದೆ; ಪರರಿಗೆ ತಿಳಿಯದು. ದಪ್ಪಕ್ಷರ, ಓರೆಯಕ್ಷರಗಳೊಡನೆ ಉಳಿಸಿದ ಗುರುತುಗಳಂತೂ ಆ ಫೈಲಿನಲ್ಲಿ ಇರುವುದೇ ಇಲ್ಲ. ಅವು ನಾರ್ಮಲ್ ಎಂಬ ಮಾದರಿ ಕಡತದಲ್ಲಿರುತ್ತವೆ.

ಮಗ ಸೋಲಲಿಲ್ಲ. ವರ್ಡ್‌ನಲ್ಲಿಯೇ ಮ್ಯಾಕ್ರೋ ಎಂಬ ಪುಟ್ಟ ಆಜ್ಞಾಮಾಲೆಯನ್ನು ಬರೆದು ಗುರುತುಗಳನ್ನೆಲ್ಲ ಎರಡು ಕಂಬಸಾಲಿನ ಪಟ್ಟಿಯಾಗಿ ಇಳಿಸಿದನು. ಎಡಗಡೆ ಗುರುತು, ಬಲಗಡೆ ವಿಸ್ತಾರ. ಮೊದಲು ಎರಡರ ನಡುವೆ ಅಲ್ಪವಿರಾಮವನ್ನಿಟ್ಟು ಕಳಿಸಿದಾಗ, ತಮ್ಮೊಳಗೇ ಅಲ್ಪವಿರಾಮವಿದ್ದ ವಾಕ್ಯಗಳೆಲ್ಲ ತುಂಡುತುಂಡಾದುವು. ಅಲ್ಪವಿರಾಮದ ಬದಲು ಟ್ಯಾಬ್ ಇಟ್ಟ ಮೇಲೆ ಪಟ್ಟಿ ಅಖಂಡವಾಗಿ ಹೊಸ ಮನೆಯನ್ನು ಪ್ರವೇಶಿಸಿತು. ಮಗ ಬೆನ್ನು ತಟ್ಟಿಸಿಕೊಳ್ಳಲು ನಿಂತನು.

ತಾಯಿ ಬೆನ್ನು ತಟ್ಟಲಿಲ್ಲ. ಕನ್ನಡಕ ಏರಿಸಿ ಪಟ್ಟಿಯನ್ನು ಮೊದಲಿನಿಂದ ಓದತೊಡಗಿದರು. ವರ್ಡ್‌ನೊಡನೆ ಹುಟ್ಟಿಬಂದ ನೂರಾರು ತಿದ್ದುಪಡಿಗಳೂ ಬಿಟ್ಟಿಯಾಗಿ ಬಂದು ಸೇರಿದ್ದುವು. ಕಂಸದೊಳಗಿನ ‘ಸಿ’ಯನ್ನು ಗ್ರಂಥಸ್ವಾಮ್ಯದ ಚಿಹ್ನೆಯಾಗಿ ಮಾರ್ಪಡಿಸುವ ಹಳೆಯ ಚೇಷ್ಟೆಯೂ ಅವುಗಳಲ್ಲಿತ್ತು. ಅಂಥದನ್ನೆಲ್ಲ ಹೊಡೆದುಹಾಕುತ್ತ ಬಂದ ತಾಯಿಯ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಎಡಗಡೆ ಎಂ, ಎಸ್ ಎಂಬ ಎರಡೇ ಅಕ್ಷರ. ಬಲಗಡೆ ‘ಮೈಟ್ರಲ್ ಸ್ಟೆನೋಸಿಸ್’.

“ನೋಡಿದೆಯೇನೋ? ಹೃದಯದ ಡಾಕ್ಟರಿಗೆ ಇದು ಕವಾಟ ಕಿರಿದಾಗುವ ರೋಗ. ನರದ ಡಾಕ್ಟರ ವರದಿಯಲ್ಲಿ ಎಂ, ಎಸ್ ಎಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ನನ್ನ ಕೈ ಅಭ್ಯಾಸದಿಂದ ಎರಡಕ್ಷರ ಒತ್ತಿಬಿಡುತ್ತದೆ; ಯಂತ್ರ ಇಲ್ಲದ ಹೃದ್ರೋಗವನ್ನು ಯಾವಳೋ ಪುಣ್ಯಾತ್ಮಳ ತಲೆಗೆ ಕಟ್ಟುತ್ತದೆ. ಕಾಗುಣಿತ ಸರಿಯಾಗಿರುವ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ ಕಣೋ.”

ಮಗ ಮಾತನಾಡಲಿಲ್ಲ.

ತಾಯಿಯ ಅಂಜಿಕೆ ಅತಿಯಾದುದಲ್ಲ. ಅದೇ ಎರಡಕ್ಷರವನ್ನು ಔಷಧದ ಚೀಟಿಯಲ್ಲಿ ಬರೆದರೆ ನೋವು ನೀಗುವ ಮಾರ್ಫೀನ್ ಸಲ್ಫೇಟ್ ಎಂದೂ ಅರ್ಥವಾದೀತು, ಮೆಗ್ನೀಸಿಯಂ ಸಲ್ಫೇಟ್ ಎಂದೂ ಅರ್ಥವಾದೀತು. ಅಮೆರಿಕದ ಆಸ್ಪತ್ರೆಗಳ ಗುಣಮಟ್ಟವನ್ನು ಪರಿಶೀಲಿಸುವ ಜಾಯಿಂಟ್ ಕಮಿಷನ್ ಸಂಸ್ಥೆಯು 2004ರಲ್ಲಿ ಜಾರಿಗೆ ತಂದ ಬಳಸಬಾರದ ಸಂಕ್ಷೇಪಗಳ ಪಟ್ಟಿಯಲ್ಲಿ ಎಂ, ಎಸ್ ಕೂಡ ಸೇರಿದೆ. ಔಷಧದ ಹೆಸರನ್ನು ಪೂರ್ತಿಯಾಗಿ ಬರೆಯಬೇಕೆಂಬುದು ಅದರ ಕಟ್ಟಳೆ. ಉಪ್ಪೂ ಸಕ್ಕರೆಯೂ ಒಂದೇ ಬಗೆಯ ಜಾಡಿಗಳಲ್ಲಿದ್ದರೆ ಎಂಥ ಗೃಹಿಣಿಯೂ ಒಮ್ಮೆ ಎಡವುವಳು. ಪಾಯಸ ಕೆಟ್ಟರೆ ಚೆಲ್ಲಬಹುದು, ಚಿಕಿತ್ಸೆ ಕೆಟ್ಟರೆ?

ಈಗ ಮಾತನ್ನು ಯಂತ್ರವೇ ಕೇಳಿ ಬರೆಯುವ ಕಾಲ. ಮನುಷ್ಯರು ಅದನ್ನು ತಿದ್ದುವವರು. ಇಂಥ ಧ್ವನಿಗ್ರಾಹಕ ತಂತ್ರಾಂಶಕ್ಕೆ ಗುರುತುಗಳ ಪಟ್ಟಿಯನ್ನು ಹಾಗೆಯೇ ಉಣಿಸಿದರೆ ಫಲವಿಲ್ಲ. ಮೂರಕ್ಷರದ ಗುರುತು ಬೆರಳಿನ ಭಾಷೆ; ಅದಕ್ಕೆ ಬೇಕಾದುದು ಬಾಯಿಯ ಭಾಷೆ. ವೈದ್ಯರ ಬಾಯಲ್ಲಿ ಬರುವ ಪೂರ್ಣಪದವೇನು, ಅದನ್ನು ಉಚ್ಚರಿಸುವ ಬಗೆಯೇನು, ಬರೆಯುವ ಬಗೆಯೇನು ಎಂಬುದನ್ನು ಅದಕ್ಕೆ ಕಲಿಸಬೇಕು. ಆದುದರಿಂದ ಪಟ್ಟಿಯ ಬಲಗಡೆಯ ಪದಗಳು ಅಲ್ಲಿ ಪ್ರಯೋಜನಕ್ಕೆ ಬಂದಾವು. ಎಡಗಡೆಯ ಗುರುತುಗಳು ಬೆರಳಿಗೇ ಮೀಸಲು.

ತಾಯಿಗೂ ಮಗನಿಗೂ ಪಟ್ಟಿ ಮುಗಿಸಲು ಐದು ನಿಮಿಷ ಸಾಲಲಿಲ್ಲ, ಐದು ಸಂಜೆಗಳು ಹಿಡಿದುವು. ಒಬ್ಬರು ಓದಿದರು, ಒಬ್ಬರು ತಿದ್ದಿದರು. ಎರಡರ್ಥದ ಗುರುತುಗಳನ್ನೆಲ್ಲ ಒಡೆದು, ಒಂದೊಂದಕ್ಕೆ ಇನ್ನೊಂದಕ್ಷರ ಸೇರಿಸಿ ಬೇರೆ ಬೇರೆ ಮಾಡಿದರು. ಬಳಕೆ ತಪ್ಪಿದವುಗಳನ್ನು ಬಿಟ್ಟರು. ಮೂಲ ಪಟ್ಟಿಯನ್ನು ಮಾತ್ರ ಅಳಿಸದೆ, ದಿನಾಂಕ ಬರೆದು ಪ್ರತ್ಯೇಕವಾಗಿ ಕಾದಿಟ್ಟರು.

ಹೊಸ ತಿಂಗಳ ಮೊದಲ ದಿನ ತಾಯಿಯ ಕೈ ಅಭ್ಯಾಸಬಲದಿಂದ ಎಂ, ಎಸ್ ಎಂದು ಒತ್ತಿಯೇಬಿಟ್ಟಿತು. ಪರದೆಯ ಮೇಲೆ ಏನೂ ಅರಳಲಿಲ್ಲ. ಎರಡಕ್ಷರಗಳು ಎರಡಕ್ಷರಗಳಾಗಿಯೇ ನಿಂತುವು. ತಾಯಿ ಧ್ವನಿಯನ್ನು ಹಿಂದಕ್ಕೆ ತಿರುಗಿಸಿ, ವೈದ್ಯರ ಮಾತನ್ನು ಮತ್ತೊಮ್ಮೆ ಕೇಳಿ, ರೋಗದ ಹೆಸರನ್ನು ಪೂರ್ತಿಯಾಗಿ ಬರೆದರು. ಆ ಸಾಲಿಗೆ ತುಸು ಹೆಚ್ಚು ಹೊತ್ತು ಹಿಡಿಯಿತು. ಕೂಲಿ ಮಾತ್ರ ಅಷ್ಟೇ.