ಸಿಂಗಳೀಕಕ್ಕೆ ಬಾಳೆಹಣ್ಣು ಬೇಡ

ಆಗುಂಬೆಯ ಘಾಟಿಯಲ್ಲಿ ವಾಹನ ನಿಲ್ಲಿಸಿ ಸಿಂಗಳೀಕಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯುವುದನ್ನು ಅನೇಕರು ಪುಣ್ಯಕಾರ್ಯವೆಂದೇ ಭಾವಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಆ ಮೂಕಪ್ರಾಣಿಗೆ ಬಗೆಯುವ ದ್ರೋಹ.

ಸಿಂಗಳೀಕ ಊರಿನ ಮಂಗನಂತಲ್ಲ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಅದಕ್ಕೆ ನೆಲೆಯಿಲ್ಲ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಗೊಂದು ಕುಚ್ಚು (ಅದಕ್ಕೇ ಈ ಹೆಸರು ಸಿಂಹವನ್ನು ನೆನಪಿಸುವುದು). ಮಳೆಕಾಡಿನ ಎತ್ತರದ ಮರಗಳಲ್ಲಿಯೇ ಹಣ್ಣು, ಕೀಟಗಳನ್ನು ತಿಂದು ಬಾಳುವ ಜೀವಿ ಅದು, ನೆಲಕ್ಕಿಳಿಯುವುದು ಅಪರೂಪ. ತಿಂದ ಹಣ್ಣಿನ ಬೀಜಗಳನ್ನು ದೂರಕ್ಕೊಯ್ದು ಚೆಲ್ಲುವುದೂ ಅದೇ. ಅಂಥ ಪ್ರಾಣಿಗೆ ನಮ್ಮ ತಿಂಡಿಯ ರುಚಿ ಹತ್ತಿತೆಂದರೆ ಮರ ಬಿಟ್ಟು ರಸ್ತೆಯಂಚಿನಲ್ಲಿ ಕಾಯತೊಡಗುತ್ತದೆ. ಘಾಟಿಯ 14 ತಿರುವುಗಳಲ್ಲಿ ಯಾವ ವಾಹನ ಯಾವಾಗ ಎದುರಾದೀತೆಂದು ಅದಕ್ಕೇನು ಗೊತ್ತು? ಹೆಣ್ಣು ಸಿಂಗಳೀಕ ಸಾಮಾನ್ಯವಾಗಿ ಹೆರುವುದು ಒಂದೇ ಮರಿಯನ್ನು, ಮುಂದಿನದಕ್ಕೆ ವರ್ಷಗಳೇ ಬೇಕು. ಚಕ್ರಕ್ಕೆ ಸಿಕ್ಕ ಒಂದು ತಾಯಿಯ ನಷ್ಟ ಸುಲಭದಲ್ಲಿ ತುಂಬುವಂಥದ್ದಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಮೊದಲ ಅನುಸೂಚಿಯಲ್ಲಿರಿಸಿದೆ. ಉತ್ತರ ಕನ್ನಡದಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಕಾಯ್ದೆ ಕಾಡನ್ನು ಕಾಯಬಹುದು, ಪ್ರವಾಸಿಯ ಕೈಯಲ್ಲಿರುವ ಹಣ್ಣನ್ನು ಕಾಯುವವರಾರು?

ಬೇಸಗೆ ರಜೆಯಲ್ಲಿ ಮಕ್ಕಳೊಡನೆ ಆ ಕಡೆ ಹೊರಡುವವರು ನಿಮ್ಮಲ್ಲಿ ಹಲವರಿದ್ದೀರಿ. ಸಿಂಗಳೀಕ ಕಂಡರೆ ವೇಗ ತಗ್ಗಿಸಿ, ಗಾಜು ಏರಿಸಿಕೊಂಡು ಮುಂದೆ ಸಾಗಿರಿ. ಚಿತ್ರ ಬೇಕೆಂದು ಮೊಮ್ಮಕ್ಕಳು ಹಟ ಹಿಡಿದರೂ ಗಾಡಿ ನಿಲ್ಲಿಸಬೇಡಿ. ಬಾಳೆಹಣ್ಣನ್ನು ತೀರ್ಥಹಳ್ಳಿಯಲ್ಲಿಯೇ ತಿಂದು ಮುಗಿಸಿರಿ.