ಚೆಟ್ರಿಯನ್ನು ಇನ್ನೊಮ್ಮೆ ಕರೆಯಬೇಡಿ

ಸುನಿಲ್ ಚೆಟ್ರಿ ಎರಡನೇ ಸಲ ಭಾರತ ಫುಟ್‌ಬಾಲ್ ತಂಡಕ್ಕೆ ವಿದಾಯ ಹೇಳಿದ್ದಾರೆ. ಅವರನ್ನು ಮತ್ತೆ ಕರೆತರಲು ಯಾರೂ ಹೊರಡಬಾರದು. ಈ ಮಾತನ್ನು ಈಗಲೇ ಹೇಳಿಡಬೇಕು. ಮುಂದಿನ ಅರ್ಹತಾ ಸುತ್ತಿನಲ್ಲಿ ತಂಡ ಎರಡು ಪಂದ್ಯ ಗೋಲಿಲ್ಲದೆ ಮುಗಿಸಿದರೆ ಸಾಕು, ‘ಚೆಟ್ರಿ ಇದ್ದಿದ್ದರೆ’ ಎಂಬ ಮಾತು ಎದ್ದೇ ಏಳುತ್ತದೆ. ಆ ಗದ್ದಲದಲ್ಲಿ ಬುದ್ಧಿಮಾತು ಯಾರ ಕಿವಿಗೂ ಬೀಳುವುದಿಲ್ಲ.

ಹಿಂದಿನ ಸಲ ನಡೆದದ್ದೇ ಅದು. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲು ಹೊಡೆದಿದ್ದ ಚೆಟ್ರಿ, 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು 0–0 ಡ್ರಾ ಆಡಿ, 94 ಗೋಲುಗಳ ಲೆಕ್ಕ ಮುಗಿಸಿ, ಕಣ್ಣೀರಿಡುತ್ತಾ ಮೈದಾನದಿಂದ ಹೊರನಡೆದರು. ಆ ವರ್ಷ ಭಾರತ 11 ಪಂದ್ಯ ಆಡಿತು, ಒಂದನ್ನೂ ಗೆಲ್ಲಲಿಲ್ಲ. ಒಂಬತ್ತು ತಿಂಗಳಾಗುವಷ್ಟರಲ್ಲಿ, 2025ರ ಮಾರ್ಚ್ 6ರಂದು, ಚೆಟ್ರಿ ವಾಪಸಾಗುತ್ತಿದ್ದಾರೆಂದು ಫೆಡರೇಷನ್ ಪ್ರಕಟಿಸಿತು. ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3–0 ಜಯ. ಲಿಸ್ಟನ್ ಕೊಲಾಸೊ ಎಡಬದಿಯಿಂದ ಕಳಿಸಿದ ಚೆಂಡಿಗೆ ನಲವತ್ತು ವರ್ಷದ ಚೆಟ್ರಿ ತಲೆ ಕೊಟ್ಟರು, 95ನೇ ಗೋಲು. ಭಾರತ ಗೆಲುವಿನ ಮುಖ ಕಂಡದ್ದು 489 ದಿನಗಳ ನಂತರ. ಅವತ್ತು ಸಂಭ್ರಮಪಟ್ಟವರನ್ನು ತಪ್ಪೆನ್ನಲಾಗದು.

ಆದರೆ ಅದು ಸೌಹಾರ್ದ ಪಂದ್ಯ. ಏಷ್ಯಾಕಪ್ ಅರ್ಹತಾ ಸುತ್ತು ಶುರುವಾದದ್ದು ಆರು ದಿನಗಳ ನಂತರ, ಅದೇ ಮೈದಾನದಲ್ಲಿ. ಬಾಂಗ್ಲಾದೇಶದ ಎದುರು 0–0. ಜೂನ್‌ನಲ್ಲಿ ಹಾಂಕಾಂಗ್‌ನಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿಗೆ 0–1 ಸೋಲು. ಅಲ್ಲಿಗೆ ಕೋಚ್ ಮನೊಲೊ ಮಾರ್ಕ್ವೆಜ್ ಹೋದರು, ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಜಮೀಲ್ ತಮ್ಮ ಮೊದಲ ಟೂರ್ನಿಗೆ, ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ಗೆ, ಚೆಟ್ರಿಯನ್ನು ಆರಿಸಲಿಲ್ಲ. ಚೆಟ್ರಿ ಇಲ್ಲದ ಆ ತಂಡ ತಜಿಕಿಸ್ತಾನವನ್ನು ಸೋಲಿಸಿತು, ಒಮಾನ್‌ನಂಥ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ ಮೂರನೇ ಸ್ಥಾನ ಪಡೆಯಿತು. ಇಷ್ಟಾದ ಮೇಲೂ ಅಕ್ಟೋಬರ್‌ನಲ್ಲಿ ಸಿಂಗಪುರದ ಪಂದ್ಯಗಳು ಎದುರಾದಾಗ ಮತ್ತೆ ಅದೇ ಹೆಸರು. ಅಲ್ಲಿ 1–1, ಮಡಗಾಂವ್‌ನಲ್ಲಿ 1–2. 2027ರ ಏಷ್ಯಾಕಪ್‌ನ ಬಾಗಿಲು ಮುಚ್ಚಿತು. ನವೆಂಬರ್‌ನಲ್ಲಿ ಚೆಟ್ರಿ ಇನ್ನು ಸಾಕೆಂದರು. ಅದೇ ತಿಂಗಳು ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತೆವು. 2023ರ ಜುಲೈನಲ್ಲಿ ಫಿಫಾ ಪಟ್ಟಿಯಲ್ಲಿ 99ರಲ್ಲಿದ್ದ ಭಾರತ 142ಕ್ಕೆ ಕುಸಿಯಿತು.

ಇದರಲ್ಲಿ ಚೆಟ್ರಿಯ ತಪ್ಪು ಎಲ್ಲಿದೆ? ನಮಗಂತೂ ಕಾಣುವುದಿಲ್ಲ. 2024–25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ಎಫ್‌ಸಿ ಪರ ಅವರು 14 ಗೋಲು ಹೊಡೆದರು. ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್. ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ ಬದಲಿ ಆಟಗಾರನಾಗಿ ಇಳಿದು, ಹೆಚ್ಚುವರಿ ನಿಮಿಷಗಳಲ್ಲಿ ಹೆಡ್ ಮಾಡಿ ತಂಡವನ್ನು ಫೈನಲ್‌ಗೆ ಒಯ್ದರು. ಭಾರತೀಯರಲ್ಲಿ ಅವರ ನಂತರದ ಸ್ಥಾನದಲ್ಲಿದ್ದದ್ದು ಗೋವಾದ ಬ್ರೈಸನ್ ಫರ್ನಾಂಡಿಸ್, 7 ಗೋಲು. ನಲವತ್ತರ ಆಟಗಾರನ ಅರ್ಧದಷ್ಟು! ಹೀಗಿರುವಾಗ ಕೋಚ್ ಯಾರೇ ಆಗಿದ್ದರೂ ಫೋನ್ ಮಾಡುತ್ತಿದ್ದದ್ದು ಚೆಟ್ರಿಗೇ. ಕರೆದಾಗ ಬಂದದ್ದು ಅವರ ದೊಡ್ಡತನ. ಹಾಗೆ ಕರೆದು ಗಳಿಸಿಕೊಂಡ ಸಮಯವನ್ನು ಕರೆದವರು ಯಾವುದಕ್ಕೆ ಬಳಸಿದರು ಎಂಬುದನ್ನು ಮಾತ್ರ ಕೇಳಲೇಬೇಕು.

ಜಗತ್ತಿನಲ್ಲಿ ಇಂಥ ಮರಳಿಕೆಗಳು ಬೇಕಾದಷ್ಟಿವೆ. 2005ರಲ್ಲಿ ಜಿನೆದಿನ್ ಜಿದಾನ್ ಫ್ರಾನ್ಸ್ ತಂಡಕ್ಕೆ ಮರಳಿ ಮರುವರ್ಷ ವಿಶ್ವಕಪ್ ಫೈನಲ್ ಆಡಿದರು. 2024ರ ಯೂರೋ ಕಪ್‌ಗೆ ಜರ್ಮನಿ ಟೋನಿ ಕ್ರೂಸ್‌ರನ್ನು ಕರೆಸಿಕೊಂಡಾಗ ಅವರ ಪಾಸ್‌ಗೆ ಓಡಲು ಮುಸಿಯಾಲ, ವಿರ್ಟ್ಜ್‌ರಂಥ ಇಪ್ಪತ್ತೊಂದರ ಹುಡುಗರಿದ್ದರು. ನಮ್ಮ ಕಣ್ತೆರೆಸಬೇಕಾದ ಕಥೆ ಕ್ಯಾಮರೂನಿನ ರೋಜರ್ ಮಿಲ್ಲಾ ಅವರದು. ದೇಶದ ಅಧ್ಯಕ್ಷರೇ ಕೇಳಿಕೊಂಡರೆಂದು 1990ರ ವಿಶ್ವಕಪ್‌ಗೆ ಬಂದ 38ರ ಮಿಲ್ಲಾ 4 ಗೋಲು ಹೊಡೆದು ತಂಡವನ್ನು ಕ್ವಾರ್ಟರ್‌ಫೈನಲ್‌ಗೆ ಮುಟ್ಟಿಸಿದರು. ಇಡೀ ಆಫ್ರಿಕಾ ಕುಣಿಯಿತು. ನಾಲ್ಕು ವರ್ಷ ಕಳೆದು, 1994ರಲ್ಲಿ, 42ರ ಅದೇ ಮಿಲ್ಲಾರನ್ನು ಮತ್ತೆ ಕರೆದೊಯ್ದರು. ರಷ್ಯಾ ವಿರುದ್ಧ ಅವರು ಗೋಲು ಹೊಡೆದು ವಿಶ್ವಕಪ್‌ನ ಅತಿ ಹಿರಿಯ ಗೋಲುಗಾರರೆಂಬ ದಾಖಲೆ ಬರೆದರು. ಪಂದ್ಯ ಮುಗಿದಾಗ ಕ್ಯಾಮರೂನ್ ಸೋತದ್ದು 6–1ರಿಂದ. ದಾಖಲೆ ಮಿಲ್ಲಾ ಪಾಲಿಗೆ ಬಂತು, ಟೂರ್ನಿಯಿಂದ ತಂಡ ಹೊರಬಿತ್ತು. ಮೊದಲ ಕರೆಗೂ ಎರಡನೆಯದಕ್ಕೂ ನಡುವೆ ಇದ್ದ ನಾಲ್ಕು ವರ್ಷ ಎಲ್ಲಿ ಹೋಯಿತು ಎಂದು ಆ ದೇಶ ಕೇಳಿಕೊಳ್ಳಬೇಕಿತ್ತು.

ಉದಾಹರಣೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚೆಟ್ರಿ ಹುಟ್ಟಿದ 1984ರಲ್ಲೇ ನಮ್ಮ ದಾವಣಗೆರೆಯಲ್ಲಿ ಹುಟ್ಟಿದವರು ಆರ್. ವಿನಯ್ ಕುಮಾರ್. 2013–14 ಮತ್ತು 2014–15ರಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದಿತು. ‘ದಾವಣಗೆರೆ ಎಕ್ಸ್‌ಪ್ರೆಸ್’ 2019ರಲ್ಲಿ ಪುದುಚೇರಿಗೆ ಹೊರಟಾಗ ಎಲ್ಲರಿಗೂ ಬೇಸರವಾಯಿತು, ನಮ್ಮೂರಿನವರಿಗೆ ಸ್ವಲ್ಪ ಹೆಚ್ಚೇ ಆಯಿತು. ಆದರೆ ಮರಳಿ ಬನ್ನಿ ಎಂದು ಕರ್ನಾಟಕ ಗೋಗರೆಯಬೇಕಾಗಲಿಲ್ಲ. ಅಭಿಮನ್ಯು ಮಿಥುನ್ ಇದ್ದರು, ರೋನಿತ್ ಮೋರೆ ಇದ್ದರು, ಪ್ರಸಿದ್ಧ ಕೃಷ್ಣ ಬೆಳೆಯುತ್ತಿದ್ದರು. ಹಿರಿಯನೊಬ್ಬ ನಿಶ್ಚಿಂತೆಯಿಂದ ಹೋಗಲು ಸಾಧ್ಯವಾಗುವುದು ಹೀಗೆ ಸಾಲು ಹಿಡಿದು ನಿಂತವರಿದ್ದಾಗ.

ಫುಟ್‌ಬಾಲ್‌ನಲ್ಲಿ ಆ ಸಾಲು ಏಕಿಲ್ಲ? ಐಎಸ್‌ಎಲ್‌ನಲ್ಲಿ ತಂಡವೊಂದು ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಆಡಿಸಬಹುದಿತ್ತು. ಆ ನಾಲ್ವರಲ್ಲಿ ಒಬ್ಬ ಬಹುತೇಕ ಯಾವಾಗಲೂ ಸ್ಟ್ರೈಕರ್. 2024–25ರಲ್ಲಿ ಅತಿ ಹೆಚ್ಚು, 23 ಗೋಲು ಹೊಡೆದದ್ದು ಮೊರಾಕ್ಕೊದ ಅಲಾದ್ದೀನ್ ಅಜಾರೈ. ಗೆಲ್ಲಲೇಬೇಕಾದ ಕ್ಲಬ್‌ಗೆ ಇದು ಸರಿಯಾದ ಲೆಕ್ಕಾಚಾರವೇ. ಆದರೆ ಇಪ್ಪತ್ತರ ಭಾರತೀಯ ಹುಡುಗ ಆಗ ವಿಂಗ್‌ಗೆ ಸರಿಯುತ್ತಾನೆ, ಇಲ್ಲವೇ ಬೆಂಚಿನಲ್ಲಿ ಕೂರುತ್ತಾನೆ. ಗೋಲಿನ ಮುಂದೆ ನಿಂತು ತಪ್ಪು ಮಾಡಿ ಕಲಿಯುವ ಅವಕಾಶವೇ ಅವನಿಗಿಲ್ಲ. ಇದರ ಮೇಲೆ 2025–26ರ ಲೀಗ್. ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ನವೀಕರಣವಾಗದೆ, ಸೆಪ್ಟೆಂಬರ್ ಹೊತ್ತಿಗೆ ಶುರುವಾಗಬೇಕಿದ್ದ ಲೀಗ್ ಮುಂದಿನ ಫೆಬ್ರುವರಿವರೆಗೆ ನಿಂತಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳವನ್ನೇ ತಡೆಹಿಡಿಯಿತು. ಆಟಗಾರನ ಬೆಳೆಯುವ ವಯಸ್ಸಿನಲ್ಲಿ ಕಳೆದುಹೋದ ಐದು ತಿಂಗಳನ್ನು ಯಾವ ನ್ಯಾಯಾಲಯವೂ ವಾಪಸ್ ಕೊಡಿಸಲಾರದು.

ಹುಡುಗರೇ ಇಲ್ಲವೆಂಬುದು ಸುಳ್ಳು. 2025ರ ನವೆಂಬರ್ 30ರಂದು ಅಹಮದಾಬಾದ್‌ನಲ್ಲಿ ನಮ್ಮ 17 ವರ್ಷದೊಳಗಿನವರು ಇರಾನ್‌ ತಂಡವನ್ನು 2–1ರಿಂದ ಸೋಲಿಸಿ ಏಷ್ಯಾಕಪ್‌ಗೆ ಅರ್ಹತೆ ಪಡೆದರು. ಸೆಪ್ಟೆಂಬರ್‌ನಲ್ಲಿ 23 ವರ್ಷದೊಳಗಿನವರು ಬಹರೇನನ್ನು ಮಣಿಸಿ, ಕೂದಲೆಳೆಯಲ್ಲಿ ಅರ್ಹತೆ ತಪ್ಪಿಸಿಕೊಂಡರು. ಅಪಾಯ ಇರುವುದು ಹದಿನೇಳಕ್ಕೂ ಇಪ್ಪತ್ಮೂರಕ್ಕೂ ನಡುವಿನ ಹಾದಿಯಲ್ಲಿ. ಅಲ್ಲಿ ವರ್ಷಕ್ಕೆ ಮೂವತ್ತು ಗಟ್ಟಿ ಪಂದ್ಯ ಸಿಗದ ಹುಡುಗ ಇಪ್ಪತ್ತೈದಕ್ಕೆ ಮರೆತೇಹೋಗಿರುತ್ತಾನೆ. ಆಗ ಅಡ್ಡದಾರಿಗಳು ನೆನಪಾಗುತ್ತವೆ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾಗಿದ್ದಾರೆ. ಅವರಿಗೆ ಆದರದ ಸ್ವಾಗತ ಸಲ್ಲಬೇಕು. ಆದರೆ ಅವರಿಗೂ ಮೂವತ್ತೆರಡು. ಅವರು ಬಂದರೆಂದು ಫೆಡರೇಷನ್ ನಿಟ್ಟುಸಿರು ಬಿಟ್ಟರೆ ಇದೇ ಕಥೆ ಬೇರೆ ಹೆಸರಿನಲ್ಲಿ ಮುಂದುವರಿಯುತ್ತದೆ.

ಕರ್ನಾಟಕಕ್ಕೆ ಈ ಮಾತು ಹೊರಗಿನದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ತಂಡ 1968–69ರವರೆಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಐದನೆಯದು ಬಂದದ್ದು 54 ವರ್ಷದ ಮೇಲೆ, 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ. ಆದರೆ ರಾಜ್ಯದ ಫುಟ್‌ಬಾಲ್ ಎಂದರೆ ಇವತ್ತಿಗೂ ಹೆಚ್ಚಿನಂಶ ಬೆಂಗಳೂರೇ.

ದಾವಣಗೆರೆಯ ಹೈಸ್ಕೂಲ್ ಮೈದಾನಕ್ಕೆ ಯಾವ ಭಾನುವಾರ ಬೇಕಾದರೂ ಹೋಗಿ ನೋಡಿ. ಟೆನಿಸ್ ಬಾಲ್ ಕ್ರಿಕೆಟ್‌ನ ಪಿಚ್ ಮೇಲೆ ಪಿಚ್. ಫುಟ್‌ಬಾಲ್ ಹಿಡಿದು ಬಂದ ಹುಡುಗರಿಗೆ ಒಂದು ಮೂಲೆ ಸಿಕ್ಕರೆ ಪುಣ್ಯ. ಊರಿನ ಕ್ರೀಡಾ ವಸತಿ ನಿಲಯದಿಂದ ಕುಸ್ತಿಪಟುಗಳು ಬರುತ್ತಲೇ ಇದ್ದಾರೆ, ಏಕೆಂದರೆ ಅಲ್ಲಿ ಅಖಾಡವಿದೆ, ಉಸ್ತಾದರಿದ್ದಾರೆ, ದಿನಾ ಸೆಣಸಲು ಜೋಡಿ ಇದೆ. ಇತ್ತ ಕೊಂಡಜ್ಜಿಯ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರಕ್ಕೆ ನಾಡಿನ ನಾನಾ ಕಡೆಯಿಂದ ಮಕ್ಕಳು ಬರುತ್ತಾರೆ. ಗಂಟು ಕಟ್ಟುವ, ಡೇರೆ ಹೂಡುವ ಪಾಠ ಮುಗಿದ ಸಂಜೆ ಯಾರೋ ಚೆಂಡು ತೆಗೆದರೆ, ಕೈಯಲ್ಲಿದ್ದ ಕೋಲುಗಳೇ ಗೋಲುಕಂಬಗಳಾಗುತ್ತವೆ. ಸ್ಕೌಟ್‌ನಲ್ಲಿ ಆರೆಂಟು ಮಕ್ಕಳ ಗುಂಪಿಗೆ ಒಬ್ಬ ನಾಯಕ, ಅವನ ಜತೆಗೇ ಒಬ್ಬ ಉಪನಾಯಕ. ನಾಯಕ ಇಲ್ಲದ ದಿನ ಗುಂಪು ನಡೆಸುವುದು ಎರಡನೆಯವನೇ. ಅವನನ್ನು ತಯಾರು ಮಾಡುವುದು ನಾಯಕನ ಕೆಲಸದಲ್ಲೇ ಸೇರಿದೆ. ಮಕ್ಕಳ ಶಿಬಿರದಲ್ಲಿ ಪಾಲಿಸುವ ಈ ಶಿಸ್ತು ರಾಷ್ಟ್ರೀಯ ತಂಡ ನಡೆಸುವವರಲ್ಲಿ ಇಲ್ಲದೆ ಹೋಯಿತಲ್ಲ ಎಂಬುದೇ ನಮ್ಮ ನೋವು.

ಆದ್ದರಿಂದ ಫೆಡರೇಷನ್‌ಗೆ ನಮ್ಮ ಒತ್ತಾಯ ಇದು. ಇಪ್ಪತ್ಮೂರರೊಳಗಿನ ಮೂವರು ಸ್ಟ್ರೈಕರ್‌ಗಳನ್ನು ಈಗಲೇ ಆರಿಸಿ ಎರಡು ವರ್ಷ ಕೈಬಿಡದೆ ಆಡಿಸಿ. ಸೋತರೂ ಆಡಿಸಿ. ಭಾರತೀಯ ಸ್ಟ್ರೈಕರ್‌ಗೆ ಇಷ್ಟು ನಿಮಿಷ ಕೊಡಲೇಬೇಕೆಂದು ಲೀಗ್‌ನಲ್ಲಿ ನಿಯಮ ತನ್ನಿ. ಚೆಟ್ರಿ ಒಪ್ಪಿದರೆ ಈ ಮೂವರನ್ನು ಅವರ ಕೈಗೆ ಒಪ್ಪಿಸಿ; ಚೆಂಡು ಬರುವ ಮೊದಲೇ ಜಾಗ ಹಿಡಿಯುವ ಅವರ ಜಾಣ್ಮೆಯನ್ನು ಕಲಿಸಲು ಅವರಿಗಿಂತ ಮೇಲಾದ ಗುರು ಈ ದೇಶದಲ್ಲಿಲ್ಲ. ಜಿಲ್ಲಾಡಳಿತಕ್ಕೂ ಒಂದು ಮಾತು: ದಾವಣಗೆರೆ, ಹರಿಹರದ ಒಂದೊಂದು ಮೈದಾನವನ್ನು ವಾರಕ್ಕೆ ಮೂರು ಸಂಜೆ ಹದಿಮೂರರೊಳಗಿನ ಮಕ್ಕಳ ಫುಟ್‌ಬಾಲ್‌ಗೆ ಮೀಸಲಿಡಿ, ಶಾಲೆಗಳ ನಡುವೆ ವರ್ಷವಿಡೀ ಲೀಗ್ ನಡೆಸಿ, ಪರವಾನಗಿ ಪಡೆದ ಒಬ್ಬ ಕೋಚ್‌ಗೆ ಸಂಬಳ ಕೊಡಿ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಇದರ ಆದೇಶ ಹೊರಡಲಿ.